ಅಪ್ಪ ಸ್ಟ್ರಾಸನ್, ಮಗ ಸ್ಟ್ರಾಸನ್

ಅಪ್ಪನೂ ತತ್ತ್ವಶಾಸ್ತ್ರದ ಪ್ರೊಫೆಸರು, ಮಗನೂ ತತ್ತ್ವಶಾಸ್ತ್ರದ ಪ್ರೊಫೆಸರು. ಇಬ್ಬರೂ ತಲೆ ಕೆಡಿಸಿಕೊಂಡದ್ದು ಒಂದೇ ಪ್ರಶ್ನೆಗೆ: ಮಾಡಿದ ತಪ್ಪಿಗೆ ಮನುಷ್ಯನನ್ನು ಹೊಣೆ ಮಾಡುವುದು ಸರಿಯೇ? ಒಬ್ಬರನ್ನೊಬ್ಬರು ಹೊಣೆ ಮಾಡದೆ ನಾವು ಮನುಷ್ಯರಾಗಿ ಬಾಳಲಾರೆವು ಎಂದರು ಅಪ್ಪ. ಕಟ್ಟಕಡೆಯ ಲೆಕ್ಕಕ್ಕೆ ಯಾರೂ ಯಾವುದಕ್ಕೂ ಹೊಣೆಯಲ್ಲ, ಹೊಣೆಯಾಗುವುದು ಸಾಧ್ಯವೂ ಇಲ್ಲ ಎಂದರು ಮಗ. ಅಪ್ಪನ ಹೆಸರು ಪೀಟರ್ ಫ್ರೆಡರಿಕ್ ಸ್ಟ್ರಾಸನ್. ಮಗನ ಹೆಸರು ಗೇಲನ್ ಸ್ಟ್ರಾಸನ್. ಕಳೆದ ಅರವತ್ತು ವರ್ಷಗಳಲ್ಲಿ ಇಚ್ಛಾಸ್ವಾತಂತ್ರ್ಯದ ಬಗ್ಗೆ ಇಂಗ್ಲಿಷಿನಲ್ಲಿ ಬರೆದವರು ಈ ಇಬ್ಬರನ್ನು ಮಾತಾಡಿಸದೆ ಮುಂದೆ ಹೋಗುವುದು ಕಷ್ಟ. ಕೇಳುಗರೇ, ಇವತ್ತು ಆ ಮನೆಯ ಜಗಳವನ್ನು ನಿಮ್ಮ ಮುಂದಿಡುತ್ತೇನೆ.

ಪೀಟರ್ ಸ್ಟ್ರಾಸನ್ ಹುಟ್ಟಿದ್ದು 1919ರಲ್ಲಿ, ಲಂಡನ್ನಿನ ಪಶ್ಚಿಮಕ್ಕಿರುವ ಈಲಿಂಗ್‌ನಲ್ಲಿ. ತಂದೆ ತಾಯಿ ಇಬ್ಬರೂ ಪಾಠ ಹೇಳುವವರು. ಆಕ್ಸ್‌ಫರ್ಡ್‌ನಲ್ಲಿ ಓದು ಮುಗಿಸಿದ ಮೇಲೆ ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿದರು, ಯುದ್ಧ ಮುಗಿದ ಮೇಲೆ ಮತ್ತೆ ಆಕ್ಸ್‌ಫರ್ಡಿಗೇ ಅಧ್ಯಾಪಕರಾಗಿ ಬಂದರು. 1950ರಲ್ಲಿ ಬರ್ಟ್ರಂಡ್ ರಸೆಲ್ ಅವರ ಹೆಸರಾಂತ ಸಿದ್ಧಾಂತವೊಂದನ್ನು ಎದುರು ಹಾಕಿಕೊಂಡು ಒಂದು ಲೇಖನ ಬರೆದರು. ರಸೆಲ್‌ಗೆ ನೊಬೆಲ್ ಬಹುಮಾನ ಬಂದ ವರ್ಷವೂ ಅದೇ. ಆಗಷ್ಟೇ ಮೂವತ್ತು ತುಂಬಿದ್ದ ಮೇಷ್ಟ್ರು ಒಂದೇ ಲೇಖನದಿಂದ ಮನೆಮಾತಾದರು. ಮನೆಮಾತು ಎಂದರೆ ತತ್ತ್ವಜ್ಞಾನಿಗಳ ಮನೆಗಳಲ್ಲಿ ಎಂದಿಟ್ಟುಕೊಳ್ಳಿ. ಭಾಷೆ, ತರ್ಕ, ಕಾಂಟ್ ಎಂಬ ಜರ್ಮನ್ ದಾರ್ಶನಿಕನ ವಿಚಾರ, ಇವು ಅವರ ಖಾಸಾ ಕ್ಷೇತ್ರಗಳು. ನೀತಿಯ ವಿಚಾರಕ್ಕೆ ಕೈ ಹಾಕಿದ್ದು ತೀರ ಕಡಿಮೆ. ತಾವು ಆ ವಿಷಯದಲ್ಲಿ ಯೋಚಿಸಿದ್ದೆಲ್ಲ ಎರಡು ಪ್ರಬಂಧಗಳಲ್ಲಿ ಮುಗಿದಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಎರಡರಲ್ಲಿ ಒಂದು, 1962ರ ಮೇ 9ರಂದು ಬ್ರಿಟಿಷ್ ಅಕಾಡೆಮಿಯಲ್ಲಿ ಅವರು ಓದಿದ 'ಫ್ರೀಡಮ್ ಅಂಡ್ ರಿಸೆಂಟ್‌ಮೆಂಟ್'. ಅಚ್ಚಿನಲ್ಲಿ ಇಪ್ಪತ್ತೈದು ಪುಟದ ಆಸುಪಾಸು. ಅವರ ದೊಡ್ಡ ದೊಡ್ಡ ಗ್ರಂಥಗಳಿಗಿಂತ ಹೆಚ್ಚು ಜನ ಓದಿರುವುದು ಬಹುಶಃ ಇದನ್ನೇ. ಹೊರಗಿನವನಂತೆ ಬಂದು ಒಂದು ಮಾತು ಹೇಳಿ ಹೋದದ್ದೇ ಆ ಕ್ಷೇತ್ರದ ದಿಕ್ಕು ಬದಲಿಸಿತು.

ಅಲ್ಲಿಯವರೆಗೆ ಜಗಳ ಹೇಗಿತ್ತು ನೋಡಿ. ಜಗತ್ತಿನಲ್ಲಿ ನಡೆಯುವುದಕ್ಕೆಲ್ಲ ಹಿಂದೊಂದು ಕಾರಣವಿದೆ, ಆ ಕಾರಣಕ್ಕೆ ಇನ್ನೊಂದು ಕಾರಣ, ಹೀಗೆ ಹಿಂದೆ ಹಿಂದೆ ಹೋದರೆ ನಾವು ಹುಟ್ಟುವ ಮೊದಲೇ ನಮ್ಮ ಇವತ್ತಿನ ನಡೆ ನಿಶ್ಚಯವಾಗಿಬಿಟ್ಟಿರುತ್ತದೆ. ಇದು ನಿಯತಿವಾದ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1814ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದ್ದ: ಈ ಕ್ಷಣದಲ್ಲಿ ಪ್ರತಿಯೊಂದು ಕಣವೂ ಎಲ್ಲಿದೆ, ಅದರ ಮೇಲೆ ಯಾವ ಯಾವ ಬಲಗಳಿವೆ ಎಂಬುದನ್ನು ಪೂರ್ತಿ ಬಲ್ಲ ಒಂದು ಮಹಾಬುದ್ಧಿ ಇದ್ದರೆ, ಅದಕ್ಕೆ ನಾಳೆ ಎಂಬುದು ನಿನ್ನೆಯಷ್ಟೇ ನಿಚ್ಚಳ. ಹಾಗಾದರೆ ಕಳ್ಳನನ್ನು ಬೈಯುವುದು ಯಾವ ನ್ಯಾಯ? ಒಂದು ಗುಂಪು ಹೇಳಿತು: ಇದೆಲ್ಲ ನಿಜವಾದರೂ ಗಾಬರಿ ಬೇಡ, ಬೈದರೆ ಮತ್ತು ಶಿಕ್ಷಿಸಿದರೆ ಜನ ಹದ್ದುಬಸ್ತಿನಲ್ಲಿರುತ್ತಾರೆ, ಉಪಯೋಗವಿದೆ, ಅಷ್ಟು ಸಾಕು. ಇವರನ್ನು ಸ್ಟ್ರಾಸನ್ ಆಶಾವಾದಿಗಳೆಂದು ಕರೆದರು. ಇನ್ನೊಂದು ಗುಂಪಿಗೆ ಇದು ಸಾಲದು. ಅರ್ಹತೆ ಇಲ್ಲದವನನ್ನು ಉಪಯೋಗವಿದೆ ಎಂದು ಹೊಡೆಯುವುದು ದನ ಪಳಗಿಸಿದ ಹಾಗೆ. ಕಾರಣಗಳ ಸರಪಳಿಯ ಹೊರಗೆ ನಿಂತು ತೀರ್ಮಾನ ಮಾಡುವ ಒಂದು ಶಕ್ತಿ ಮನುಷ್ಯನಿಗೆ ಇರಲೇಬೇಕು, ಇಲ್ಲದಿದ್ದರೆ ನೀತಿಯೇ ಸುಳ್ಳು ಎಂಬುದು ಅವರ ವಾದ. ಇವರು ನಿರಾಶಾವಾದಿಗಳು. ತಮ್ಮ ಮಟ್ಟಿಗೆ ನಿಯತಿವಾದ ಎಂದರೇನು ಎಂಬುದೇ ಸರಿಯಾಗಿ ತಿಳಿಯದು ಎಂದು ಸ್ಟ್ರಾಸನ್ ಮೊದಲಿಗೇ ಹೇಳಿಬಿಡುತ್ತಾರೆ. ಸಭೆಯಲ್ಲಿ ಯಾರಾದರೂ ನಕ್ಕಿದ್ದರೆ ಆಶ್ಚರ್ಯವಿಲ್ಲ.

ಆಮೇಲೆ ಅವರು ಮಾಡಿದ್ದು ಬಹಳ ಸರಳವಾದ ಕೆಲಸ. ವಿಶ್ವದ ಕಣಗಳ ಲೆಕ್ಕ ಬಿಟ್ಟು, ದಿನನಿತ್ಯ ನಾವು ಒಬ್ಬರ ಮೇಲೊಬ್ಬರು ಏಕೆ ಸಿಟ್ಟಾಗುತ್ತೇವೆ, ಯಾವಾಗ ಆ ಸಿಟ್ಟು ಇಳಿಯುತ್ತದೆ ಎಂದು ನೋಡಿದರು. ಯಾರೋ ನನ್ನ ಕೈ ತುಳಿದರು ಎನ್ನಿ. ಉದಾಹರಣೆ ಅವರದೇ. ನನಗೆ ಸಹಾಯ ಮಾಡಲು ಬಂದವನು ನೋಡದೆ ತುಳಿದರೂ ನೋವು ಅಷ್ಟೇ, ನನ್ನನ್ನು ಲೆಕ್ಕಕ್ಕಿಡದೆ ಬೇಕೆಂದೇ ತುಳಿದರೂ ನೋವು ಅಷ್ಟೇ. ಆದರೆ ಎರಡನೆಯ ಸಲ ನೋವಿನ ಜೊತೆಗೆ ಇನ್ನೊಂದು ಹುಟ್ಟುತ್ತದೆ. ಅದು ಮುನಿಸು. ಅವನ ಮನಸ್ಸಿನಲ್ಲಿ ನನಗೆ ಎಷ್ಟು ಜಾಗವಿದೆ ಎಂಬುದು ನನಗೆ ಮುಖ್ಯ, ಆ ಜಾಗ ಸಿಗಲಿಲ್ಲ ಎಂಬುದಕ್ಕೆ ಬರುವ ಸಿಟ್ಟು ಅದು. ತಿರುಗಾಮುರುಗಾ ಮಾಡಿ ನೋಡಿದರೆ ಕೃತಜ್ಞತೆಯೂ ಅದೇ. ಒಬ್ಬ ನನಗೆ ಒಳ್ಳೆಯದನ್ನು ಮಾಡಿದ್ದು ಆಕಸ್ಮಿಕವಾಗಿದ್ದರೆ ನನಗೆ ಸಂತೋಷವಾಗುತ್ತದೆ, ಅಷ್ಟೇ. ನನ್ನ ಒಳಿತಿಗೆಂದೇ ಮಾಡಿದ್ದರೆ ಅವನಿಗೆ ಋಣಿಯಾಗುತ್ತೇನೆ. ಮುನಿಸು, ಕೃತಜ್ಞತೆ, ಕ್ಷಮೆ, ಪ್ರೀತಿ, ಮನ ನೊಂದುಕೊಳ್ಳುವುದು, ಇವುಗಳನ್ನೆಲ್ಲ ಸ್ಟ್ರಾಸನ್ ಒಂದು ಹೆಸರಿನಡಿ ತಂದು ಪ್ರತಿಸ್ಪಂದನೆಯ ಭಾವಗಳು ಎಂಬ ಅರ್ಥದಲ್ಲಿ ಕರೆದರು. ಹೊಣೆಗಾರಿಕೆ ಇರುವುದು ಇವುಗಳ ನಡುವೆ. ಇದರಾಚೆ, ಮನುಷ್ಯನೊಳಗೆಲ್ಲೋ, ಅದನ್ನು ಹುಡುಕಬೇಡಿ ಎಂದರು.

ಈ ಸಿಟ್ಟು ಇಳಿಯುವುದು ಎರಡು ಬಗೆಯಲ್ಲಿ. ಮೊದಲನೆಯದು ನಮಗೆಲ್ಲ ಗೊತ್ತಿರುವ ನೆಪಗಳು, ನಿಜವಾದ ನೆಪಗಳು: ಅವನಿಗೆ ಗೊತ್ತಿರಲಿಲ್ಲ, ಹಿಂದಿನವರು ತಳ್ಳಿದರು, ಬೇರೆ ದಾರಿಯೇ ಇರಲಿಲ್ಲ. ಇಲ್ಲಿ ಆ ಮನುಷ್ಯ ಮನುಷ್ಯನಾಗಿಯೇ ಉಳಿಯುತ್ತಾನೆ. ಈ ಒಂದು ಏಟು ಮಾತ್ರ ಅವನ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದು ಬೇರೆ ಜಾತಿಯದು: ಅವನಿನ್ನೂ ಮಗು, ಅವಳಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ. ಇಲ್ಲಿ ಏಟು ಅಷ್ಟೇ ಅಲ್ಲ, ಮನುಷ್ಯನೇ ಲೆಕ್ಕದಿಂದ ಹೊರಗೆ ಹೋಗುತ್ತಾನೆ. ನಮ್ಮ ಕಾನೂನು ಈ ಎರಡನ್ನೂ ಬಲ್ಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 18ನೆಯ ಕಲಮು ಕಾನೂನುಬದ್ಧ ಕೆಲಸವನ್ನು ಎಚ್ಚರದಿಂದ ಮಾಡುತ್ತಿದ್ದಾಗ ಆದ ಅವಘಡವನ್ನು ಅಪರಾಧವಲ್ಲ ಎನ್ನುತ್ತದೆ. ಅದು ಮೊದಲ ಬಗೆ. 20ನೆಯ ಕಲಮು ಏಳು ವರ್ಷದೊಳಗಿನ ಮಗುವಿನದು, 22ನೆಯದು ಬುದ್ಧಿಸ್ವಾಸ್ಥ್ಯ ಇಲ್ಲದವರದು. ಇವು ಎರಡನೆಯ ಬಗೆ. 1860ರ ಹಳೆಯ ದಂಡಸಂಹಿತೆಯಲ್ಲಿ ಇದ್ದವೇ ಇವು, ಕಲಮಿನ ಸಂಖ್ಯೆ ಬದಲಾಗಿದೆ.

ಎರಡನೆಯ ಬಗೆ ಒಳಗಿನಿಂದ ಹೇಗಿರುತ್ತದೆ ಎಂಬುದಕ್ಕೆ ಕೋರ್ಟಿಗೆ ಹೋಗಬೇಕಾಗಿಲ್ಲ. ಒಂದು ಮನೆ ಎಂದುಕೊಳ್ಳಿ. ಎಪ್ಪತ್ತೆಂಟು ದಾಟಿದ ಅತ್ತೆ, ಇಪ್ಪತ್ತು ವರ್ಷದಿಂದ ಜೊತೆಗಿರುವ ಸೊಸೆ. ಅತ್ತೆ ಒಂದು ದಿನ ತಮ್ಮ ಬಳೆ ಕಾಣಿಸುತ್ತಿಲ್ಲ, ಸೊಸೆಯೇ ತೆಗೆದುಕೊಂಡಿದ್ದಾಳೆ ಎಂದು ಪಕ್ಕದ ಮನೆಯವರ ಮುಂದೆ ಹೇಳುತ್ತಾರೆ. ಸೊಸೆ ಅವತ್ತು ಊಟ ಮಾಡುವುದಿಲ್ಲ. ಇಷ್ಟು ವರ್ಷ ಮಾಡಿದ್ದಕ್ಕೆ ಇದಾ ಮಾತು ಎಂದು ಅತ್ತೆಯ ಎದುರಿಗೇ ಕೇಳುತ್ತಾಳೆ, ಜೋರಾಗಿ ಜಗಳವಾಗುತ್ತದೆ. ಬಳೆ ದಿಂಬಿನ ಚೀಲದಲ್ಲಿ ಸಿಗುತ್ತದೆ. ವಾರ ಕಳೆದ ಮೇಲೆ ಮತ್ತೆ ಅದೇ ಆರೋಪ, ಈ ಸಲ ಪಿಂಚಣಿ ಪುಸ್ತಕ. ಕಡೆಗೆ ಡಾಕ್ಟರು ಹೇಳುತ್ತಾರೆ: ಇದು ಮರೆವಿನ ಕಾಯಿಲೆ, ಇಟ್ಟ ಜಾಗ ಮರೆತಾಗ ಯಾರೋ ಕದ್ದರು ಎಂದು ಅವರಿಗೆ ಅನ್ನಿಸುತ್ತದೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸೊಸೆಯ ಸಿಟ್ಟು ಅಲ್ಲಿಗೆ ಇಳಿಯುತ್ತದೆ. ಮುಂದಿನ ಸಲ ಅತ್ತೆ ಬಳೆ ಎಲ್ಲಿ ಎಂದಾಗ, "ಹೌದತ್ತೆ, ನಾನೇ ತಗೊಂಡಿದ್ದೆ, ನಾಳೆ ತಂದಿಡ್ತೀನಿ, ಈಗ ಹಾಲು ಕುಡೀರಿ" ಎನ್ನುತ್ತಾಳೆ.

ಎಷ್ಟು ಒಳ್ಳೆಯ ಮಾತು. ಆದರೆ ಆ ಮಾತಿನಲ್ಲಿ ಏನು ಹೋಯಿತು ಎಂದೂ ನೋಡಿ. ಸೊಸೆ ಇನ್ನು ಅತ್ತೆಯ ಜೊತೆ ಜಗಳವಾಡುವುದಿಲ್ಲ, ಅತ್ತೆಯಿಂದ ನೋಯುವುದಿಲ್ಲ, ಅತ್ತೆ ಹೊಗಳಿದರೂ ಹಿಗ್ಗುವುದಿಲ್ಲ. ಸಮಾಧಾನ ಮಾಡುತ್ತಾಳೆ, ಔಷಧಿ ಕೊಡುತ್ತಾಳೆ, ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡುತ್ತಾಳೆ. ಎದುರಿಗಿರುವವರ ಜೊತೆ ಬಾಳುವುದು ಹೋಗಿ, ಅವರನ್ನು ನೋಡಿಕೊಳ್ಳುವುದು, ನಿಭಾಯಿಸುವುದು ಶುರುವಾಗಿದೆ. ಸ್ಟ್ರಾಸನ್ ಇದಕ್ಕೆ ವಸ್ತುನಿಷ್ಠ ನಿಲುವು ಎಂಬ ಹೆಸರು ಕೊಟ್ಟರು. ಇದು ಕ್ರೌರ್ಯವಲ್ಲ, ಕರುಣೆಯೂ ಇರಬಹುದು, ಒಂದು ಬಗೆಯ ಪ್ರೀತಿಯೂ ಇರಬಹುದು. ಇಲ್ಲದಿರುವುದು ಸಮಾನರ ನಡುವಿನ ಕೊಡುಕೊಳೆ. ಸೊಸೆ ಹಿಂದೆ ಸಿಟ್ಟಾಗಿದ್ದಳಲ್ಲ, ಆ ಸಿಟ್ಟಿನಲ್ಲಿ ಒಂದು ಗೌರವವಿತ್ತು. ನೀನು ಹೀಗೆ ಅನ್ನಬಾರದಿತ್ತು, ಅನ್ನದೆ ಇರುವುದು ನಿನ್ನಿಂದ ಸಾಧ್ಯವಿತ್ತು ಎಂಬ ನಂಬಿಕೆ ಇತ್ತು. ಸ್ಟ್ರಾಸನ್ ಪ್ರಬಂಧದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ ವಿಚಾರ. ಒಬ್ಬರ ಮೇಲೆ ಸಿಟ್ಟಾಗುವುದು ಅವರನ್ನು ಮನುಷ್ಯರ ಸಾಲಿನಲ್ಲಿ ಕೂರಿಸಿಕೊಂಡಿದ್ದೇವೆ ಎಂಬುದರ ಗುರುತು. ಸಂಪೂರ್ಣ ವಿನಾಯಿತಿ ಎಂಬುದು, ಎಷ್ಟೇ ಮೃದುವಾಗಿ ಕೊಟ್ಟರೂ, ಆ ಸಾಲಿನಿಂದ ಎಬ್ಬಿಸುವುದೇ.

ಈಗ ನಿಯತಿವಾದಕ್ಕೆ ಬನ್ನಿ. ಎಲ್ಲವೂ ಮೊದಲೇ ನಿಶ್ಚಯ ಎಂದು ನಾಳೆ ಬೆಳಿಗ್ಗೆ ವಿಜ್ಞಾನಿಗಳು ಸಾಬೀತು ಮಾಡಿದರು ಎನ್ನಿ. ಆಗ ಎಲ್ಲರೂ ತಳ್ಳಲ್ಪಟ್ಟವರು, ಗೊತ್ತಿಲ್ಲದವರು ಎಂದಾಯಿತೇ? ಇಲ್ಲ. ಬೇಕೆಂದೇ ತುಳಿಯುವವನು ಬೇಕೆಂದೇ ತುಳಿಯುತ್ತಾನೆ. ಎಲ್ಲರಿಗೂ ಬುದ್ಧಿ ಸ್ಥಿಮಿತ ತಪ್ಪಿತು ಎಂದಾಯಿತೇ? ಅದೂ ಇಲ್ಲ; ಎಲ್ಲರೂ ಅಸಹಜರು ಎಂಬ ಮಾತಿಗೆ ಅರ್ಥವೇ ಇಲ್ಲ. ಅಂದರೆ ನಾವು ನಿಜವಾಗಿ ಸಿಟ್ಟು ಬಿಡುವ ಯಾವ ಕಾರಣದ ಪಟ್ಟಿಯಲ್ಲೂ ನಿಯತಿವಾದ ಇಲ್ಲ. ಇಷ್ಟಾದರೂ, ಸತ್ಯ ತಿಳಿದ ಮೇಲೆ ಎಲ್ಲರ ಮೇಲಿನ ಎಲ್ಲ ಸಿಟ್ಟನ್ನೂ ಬಿಡುವುದೇ ಬುದ್ಧಿವಂತಿಕೆಯಲ್ಲವೇ ಎಂದು ಯಾರಾದರೂ ಪಟ್ಟು ಹಿಡಿದರೆ, ಸ್ಟ್ರಾಸನ್ ಉತ್ತರ ಹೀಗೆ: ಅದು ಮನುಷ್ಯರಿಂದ ಆಗುವ ಕೆಲಸವಲ್ಲ. ಆಗುವುದಾದರೂ, ಬಿಡಬೇಕೇ ಇಟ್ಟುಕೊಳ್ಳಬೇಕೇ ಎಂಬುದನ್ನು ತೀರ್ಮಾನಿಸಬೇಕಾದದ್ದು ಅದರಿಂದ ಬಾಳು ಹಸನಾಗುತ್ತದೆಯೇ ಬರಡಾಗುತ್ತದೆಯೇ ಎಂದು ನೋಡಿ. ಮುನಿಸನ್ನು ಬಿಟ್ಟರೆ ಕೃತಜ್ಞತೆಯೂ ಹೋಗುತ್ತದೆ, ಕ್ಷಮೆಯೂ ಹೋಗುತ್ತದೆ, ಗೆಳೆತನದ ಬಹುಪಾಲೂ ಹೋಗುತ್ತದೆ. ಅಂಥ ಬಾಳು ಯಾರಿಗೆ ಬೇಕು?

ಇದು ಆಕ್ಸ್‌ಫರ್ಡಿನವರು ಮೊದಲು ಕಂಡುಹಿಡಿದ ತೊಡಕೇನೂ ಅಲ್ಲ. ಬುದ್ಧನ ಕಾಲದಲ್ಲಿ ಮಕ್ಖಲಿ ಗೋಸಾಲ ಎಂಬ ಆಜೀವಿಕ ಪಂಥದ ಗುರು, ಎಲ್ಲವನ್ನೂ ನಡೆಸುವುದು ನಿಯತಿ, ಪುರುಷಪ್ರಯತ್ನ ಎಂಬುದು ಇಲ್ಲವೇ ಇಲ್ಲ ಎಂದು ಸಾರಿದ. ಅವನ ಪಂಥ ದಕ್ಷಿಣ ಭಾರತದಲ್ಲಿ ಸುಮಾರು ಹದಿನಾಲ್ಕನೆಯ ಶತಮಾನದವರೆಗೂ ಉಳಿದಿತ್ತು ಎಂಬುದನ್ನು ಎ. ಎಲ್. ಬಾಷಂ 1951ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಗೋಸಾಲನ ಮತದ ಬಗ್ಗೆ ಬುದ್ಧನ ತೀರ್ಪು ಪಾಲಿ ಗ್ರಂಥಗಳಲ್ಲಿದೆ. ನೇಯ್ದ ಬಟ್ಟೆಗಳಲ್ಲೆಲ್ಲ ಕನಿಷ್ಠವಾದದ್ದು ಮನುಷ್ಯರ ಕೂದಲಿನ ಕಂಬಳಿ. ಚಳಿಯಲ್ಲಿ ತಣ್ಣಗಿರುತ್ತದೆ, ಸೆಕೆಯಲ್ಲಿ ಸುಡುತ್ತದೆ, ವಾಸನೆ ಬೇರೆ. ಮತಗಳಲ್ಲಿ ಈ ಮತವೂ ಹಾಗೆಯೇ ಎಂದು. ತರ್ಕದಿಂದ ಗೋಸಾಲನನ್ನು ಕಟ್ಟಿಹಾಕುವುದಕ್ಕಿಂತ, ಹೊದ್ದುಕೊಂಡು ಬದುಕಲು ಆಗುತ್ತದೆಯೇ ಎಂದು ಕೇಳುವುದು ಅಲ್ಲಿನ ದಾರಿ. ಸ್ಟ್ರಾಸನ್ ಹಿಡಿದದ್ದು ಹೆಚ್ಚೂಕಡಿಮೆ ಇದೇ ದಾರಿಯನ್ನು, ಇದನ್ನು ಓದಿ ಹಿಡಿದರು ಎಂದು ನಾನು ಹೇಳುತ್ತಿಲ್ಲ.

ಇನ್ನು ಮಗ. ಗೇಲನ್ ಹುಟ್ಟಿದ್ದು 1952ರಲ್ಲಿ. ಅಪ್ಪ ಆ ಉಪನ್ಯಾಸ ಓದಿದಾಗ ಅವರಿಗೆ ಹತ್ತು ವರ್ಷ. 1986ರಲ್ಲಿ 'ಫ್ರೀಡಮ್ ಅಂಡ್ ಬಿಲೀಫ್' ಎಂಬ ಪುಸ್ತಕ ಬರೆದರು, 1994ರಲ್ಲಿ ನೈತಿಕ ಹೊಣೆಗಾರಿಕೆ ಅಸಾಧ್ಯ ಎಂಬ ತಲೆಬರಹವನ್ನೇ ಇಟ್ಟು ಒಂದು ಪ್ರಬಂಧ ಬರೆದರು. ಅವರ ವಾದಕ್ಕೆ ಭೌತಶಾಸ್ತ್ರ ಬೇಕಿಲ್ಲ, ನಿಯತಿವಾದವೂ ಬೇಕಿಲ್ಲ. ನೀವು ಏನು ಮಾಡುತ್ತೀರೋ ಅದನ್ನು ಮಾಡುವುದು ನೀವು ಎಂಥವರೋ ಅದರಿಂದ. ಆದ್ದರಿಂದ ಮಾಡಿದ್ದಕ್ಕೆ ಪೂರ್ತಿ ಹೊಣೆಯಾಗಬೇಕಾದರೆ ಎಂಥವರಾಗಿದ್ದೀರೋ ಅದಕ್ಕೂ ಹೊಣೆಯಾಗಿರಬೇಕು. ಆದರೆ ನಿಮ್ಮ ಸ್ವಭಾವವನ್ನು ನೀವು ರೂಪಿಸಿಕೊಂಡಿರಿ ಎನ್ನಬೇಕಾದರೆ, ಹಾಗೆ ರೂಪಿಸಿಕೊಳ್ಳುವ ಮನಸ್ಸು ಮೊದಲೇ ಇರಬೇಕಿತ್ತು. ಆ ಮನಸ್ಸು ಎಲ್ಲಿಂದ ಬಂತು? ಅದನ್ನೂ ನೀವೇ ರೂಪಿಸಿಕೊಂಡಿರಾದರೆ ಅದಕ್ಕೂ ಹಿಂದೆ ಇನ್ನೊಂದು ಬೇಕು. ಇದಕ್ಕೆ ಕೊನೆಯಿಲ್ಲ. ಯಾರೂ ತಮ್ಮನ್ನು ತಾವೇ ಹೆತ್ತುಕೊಂಡವರಲ್ಲ. ಹಾಗಾಗಿ, ಒಬ್ಬನಿಗೆ ನರಕದ ಅನಂತ ಯಾತನೆಯೂ ಇನ್ನೊಬ್ಬನಿಗೆ ಸ್ವರ್ಗದ ಅನಂತ ಸುಖವೂ ನ್ಯಾಯವಾಗಿ ಸಲ್ಲುತ್ತದೆ ಎನ್ನುವಂಥ ಹೊಣೆ, ಅದು ಯಾರಿಗೂ ಇರಲಾರದು.

ಅಪ್ಪನ ವಾದಕ್ಕೆ ಮಗ ಕೊಟ್ಟ ಉತ್ತರವೂ ಚುರುಕಾದದ್ದು. ಸಿಟ್ಟಾಗುವುದು ಮನುಷ್ಯಸಹಜ, ಬಿಡಲಾಗದು, ನಿಜ. ಆದರೆ, ಅಯ್ಯೋ ಅವನು ಬೆಳೆದು ಬಂದದ್ದೇ ಹಾಗಲ್ಲವೇ ಎಂದು ಸಿಟ್ಟಿನ ನಡುವೆಯೇ ಮನಸ್ಸು ಹಿಂಜರಿಯುವುದೂ ಅಷ್ಟೇ ಮನುಷ್ಯಸಹಜ. ಆ ಅಳುಕು ತತ್ತ್ವಜ್ಞಾನಿಗಳು ಹೊರಗಿನಿಂದ ತಂದು ಹಾಕಿದ್ದಲ್ಲ. ನಮ್ಮ ಭಾವಗಳ ಒಳಗೇ ಇದೆ. ಒಂದು ಸಹಜವನ್ನು ಮಾನ್ಯ ಮಾಡಿ ಇನ್ನೊಂದನ್ನು ಗಾಬರಿ ಎಂದು ತಳ್ಳಿಹಾಕುವುದು ಹೇಗೆ? ಅಪ್ಪನ ಹತ್ತಿರ ಇದಕ್ಕೆ ಪೂರ್ತಿ ಉತ್ತರ ಇತ್ತೆಂದು ನನಗೆ ಅನ್ನಿಸುವುದಿಲ್ಲ. ಅಪ್ಪ 2006ರಲ್ಲಿ ತೀರಿಕೊಂಡರು. ಇಬ್ಬರೂ ತಮ್ಮ ತಮ್ಮ ನಿಲುವನ್ನು ಬಿಟ್ಟುಕೊಡಲಿಲ್ಲ.

ಮೆದುಳಿನ ಪ್ರಯೋಗಗಳ ಮಾತು ಇಲ್ಲಿ ಬಂದೇ ಬರುತ್ತದೆ, ಒಂದೆರಡು ವಾಕ್ಯದಲ್ಲಿ ಮುಗಿಸುತ್ತೇನೆ. ಅಮೆರಿಕದ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನಸ್ಸು ಬಂದಾಗ ಕೈ ಆಡಿಸಿ ಎಂದು ಹೇಳಿಸಿಕೊಂಡವರ ಮೆದುಳಿನಲ್ಲಿ, ಕೈ ಆಡುವ ಅರ್ಧ ಸೆಕೆಂಡಿಗೂ ತುಸು ಮೊದಲೇ ಸಿದ್ಧತೆ ಕಾಣಿಸಿತು. ಈಗ ಆಡಿಸುತ್ತೇನೆ ಎಂಬ ಅರಿವು ಬಂದದ್ದು 200 ಮಿಲಿಸೆಕೆಂಡಿನಷ್ಟು ಮೊದಲು ಮಾತ್ರ. ಇಚ್ಛಾಸ್ವಾತಂತ್ರ್ಯ ಸತ್ತಿತು ಎಂದು ಬಹಳ ಮಂದಿ ಬರೆದರು. ಸುಮ್ಮನೆ ಮಣಿಕಟ್ಟು ಅಲ್ಲಾಡಿಸುವುದಕ್ಕೂ, ಸಾಲಗಾರನ ಮನೆ ಜಪ್ತಿ ಮಾಡಲೇ ಬೇಡವೇ ಎಂದು ರಾತ್ರಿಯಿಡೀ ಯೋಚಿಸಿ ಬೆಳಿಗ್ಗೆ ಸಹಿ ಹಾಕುವುದಕ್ಕೂ ಏನೇನೂ ಸಾಮ್ಯವಿಲ್ಲ. ಸ್ಟ್ರಾಸನ್ ಜಗಳದಲ್ಲಿ ಈ ಪ್ರಯೋಗಕ್ಕೆ ಹೆಚ್ಚಿನ ತೂಕವಿಲ್ಲ ಎಂದೇ ನನ್ನ ಎಣಿಕೆ.

ತೂಕವಿರುವುದು ಇನ್ನೊಂದು ಪ್ರಕರಣಕ್ಕೆ. 1978ರ ಜುಲೈ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ. ಹದಿನಾರು ವರ್ಷದ ಇಬ್ಬರು ಹುಡುಗರು ಕಾರಿನಲ್ಲಿ ಕೂತು ಬರ್ಗರ್ ತಿನ್ನುತ್ತಿದ್ದರು. ರಾಬರ್ಟ್ ಹ್ಯಾರಿಸ್ ಎಂಬ ಇಪ್ಪತ್ತೈದರ ಯುವಕನಿಗೆ ಬ್ಯಾಂಕ್ ದರೋಡೆಗೆ ಒಂದು ಕಾರು ಬೇಕಿತ್ತು. ಆಗಲೇ ಒಂದು ಕೊಲೆಯ ಪ್ರಕರಣದಲ್ಲಿ ಜೈಲು ಕಂಡು ಬಂದವನು ಅವನು. ಹುಡುಗರಿಗೆ ಏನೂ ಮಾಡುವುದಿಲ್ಲ ಎಂದು ಹೇಳಿ ಊರಾಚೆಗೆ ಕರೆದುಕೊಂಡು ಹೋಗಿ ಇಬ್ಬರನ್ನೂ ಗುಂಡಿಟ್ಟು ಕೊಂದ. ಆಮೇಲೆ ಅವರು ಅರ್ಧ ತಿಂದು ಬಿಟ್ಟಿದ್ದ ಬರ್ಗರುಗಳನ್ನು ತಿಂದ. ದರೋಡೆಯೂ ಆಯಿತು, ಅದೇ ದಿನ ಸಿಕ್ಕಿಯೂ ಬಿದ್ದ. ಅವನನ್ನು ಹಿಡಿದ ಪೊಲೀಸರಲ್ಲಿ ಒಬ್ಬರು ಸತ್ತ ಹುಡುಗರಲ್ಲೊಬ್ಬನ ತಂದೆ. ಮಗ ಸತ್ತ ಸುದ್ದಿ ಅವರಿಗೆ ಆಗ ಗೊತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಮ್ಮಲ್ಲಿ ಏಳುವುದು ಬರೀ ಸಿಟ್ಟು. ಈಗ ಹಿಂದಕ್ಕೆ ಹೋಗಿ. ಹ್ಯಾರಿಸ್ ದಿನ ತುಂಬುವ ಮೊದಲೇ ಹುಟ್ಟಿದವನು, ಕುಡಿದ ಗಂಡ ಬಸುರಿ ಹೆಂಡತಿಯ ಹೊಟ್ಟೆಗೆ ಒದ್ದದ್ದರಿಂದ. ಈ ಮಗು ತನ್ನದಲ್ಲ ಎಂಬ ಅನುಮಾನ ತಂದೆಗೆ. ತಂದೆಯ ಹೊಡೆತ ತಿಂದ ತಾಯಿ ತನ್ನ ಕಷ್ಟಕ್ಕೆಲ್ಲ ಈ ಮಗುವೇ ಕಾರಣ ಎಂದುಕೊಂಡಳು. ಹತ್ತಿರ ಬಂದು ಮುಟ್ಟಿದರೆ ತಳ್ಳುತ್ತಿದ್ದಳು. ಹದಿನಾಲ್ಕಕ್ಕೆ ಕಾರು ಕದ್ದು ಬಾಲಾಪರಾಧಿಗಳ ಬಂದೀಖಾನೆ ಸೇರಿದ. ಒಳಗೆ ಹೋದಾಗ ಮೆತ್ತಗಿನ ಹುಡುಗನಾಗಿದ್ದ, ಹೊರಗೆ ಬಂದಾಗ ಬೇರೆಯವನೇ ಆಗಿದ್ದ ಎಂಬುದು ಒಡಹುಟ್ಟಿದವಳ ನೆನಪು. ಅಮೆರಿಕದ ದಾರ್ಶನಿಕ ಗ್ಯಾರಿ ವಾಟ್ಸನ್ 1987ರಲ್ಲಿ ಪತ್ರಿಕಾ ವರದಿಯ ಈ ವಿವರಗಳನ್ನು ಮುಂದಿಟ್ಟುಕೊಂಡು ಸ್ಟ್ರಾಸನ್ ವಿಚಾರವನ್ನು ಕಠಿಣವಾಗಿ ಪರೀಕ್ಷಿಸಿದರು. ಬಾಲ್ಯ ತಿಳಿದ ಮೇಲೆ ನಮ್ಮ ಸಿಟ್ಟು ಹೋಗುವುದಿಲ್ಲ. ಅವನಿಗೆ ಗೊತ್ತಿರಲಿಲ್ಲ ಎನ್ನಲಾಗದು, ಬುದ್ಧಿಯಿರಲಿಲ್ಲ ಎನ್ನಲಾಗದು. ಅವನ ಕ್ರೌರ್ಯ ಪೂರ್ತಿ ಅವನದೇ. ಆದರೂ ಸಿಟ್ಟಿನ ಪಕ್ಕದಲ್ಲಿ ಮರುಕ ಬಂದು ಕೂರುತ್ತದೆ, ಜೊತೆಗೆ ಒಂದು ಚಳುಕು: ಆ ಮನೆಯಲ್ಲಿ ನಾನು ಹುಟ್ಟಿದ್ದರೆ? ಎರಡು ಭಾವಗಳೂ ಒಂದನ್ನೊಂದು ಅಳಿಸುವುದಿಲ್ಲ, ಒಂದಾಗುವುದೂ ಇಲ್ಲ. 1992ರ ಏಪ್ರಿಲ್ 21ರಂದು ಸ್ಯಾನ್ ಕ್ವೆಂಟಿನ್ ಜೈಲಿನ ವಿಷಾನಿಲದ ಕೋಣೆಯಲ್ಲಿ ಹ್ಯಾರಿಸ್‌ಗೆ ಮರಣದಂಡನೆಯಾಯಿತು. 1967ರ ನಂತರ ಆ ರಾಜ್ಯದಲ್ಲಿ ಅದೇ ಮೊದಲನೆಯದು. ಕ್ಷಮಾದಾನ ನಿರಾಕರಿಸಿದ ಗವರ್ನರ್, ಬಾಲಕ ಹ್ಯಾರಿಸ್ ಬಗ್ಗೆ ತಮಗೆ ಕನಿಕರವಿದೆ, ಬೆಳೆದ ಹ್ಯಾರಿಸ್ ಮಾಡಿಕೊಂಡ ಆಯ್ಕೆಯನ್ನು ಮನ್ನಿಸಲಾಗದು ಎಂಬರ್ಥದ ಮಾತು ಹೇಳಿದರು. ಒಬ್ಬ ಮನುಷ್ಯನನ್ನು ಹಾಗೆ ಎರಡು ಹೋಳು ಮಾಡುವುದು ಕಾಗದದ ಮೇಲೆ ಸುಲಭ.

ನನ್ನ ಅಭಿಪ್ರಾಯ ಕೇಳಿದರೆ, ಒಟ್ಟು ಬಾಳಿನ ವಿಷಯದಲ್ಲಿ ಅಪ್ಪನದೇ ಸರಿ. ಆದರೆ ಸರ್ಕಾರ ಹಗ್ಗ ಹಿಡಿದು ನಿಂತಾಗ ಮಗನ ಮಾತು ಕಿವಿಯಲ್ಲಿ ಇರಬೇಕು. ಕೊಲೆಗಾರನ ಮೇಲೆ ಸಿಟ್ಟಾಗಲು, ಅವನನ್ನು ಕೂಡಿಹಾಕಲು ನಮಗೆ ಬೇಕಾದಷ್ಟು ಹೊಣೆ ಅವನಲ್ಲಿದೆ. ಅವನು ಸಾಯಲಿಕ್ಕೇ ಅರ್ಹ ಎಂದು ತೀರ್ಪು ಕೊಡಲು ಬೇಕಾಗುವ ಹೊಣೆ, ಗೇಲನ್ ಹೇಳುವ ಆ ಸ್ವರ್ಗ-ನರಕದ ಹೊಣೆ, ಯಾವ ಮನುಷ್ಯನಲ್ಲೂ ಇಲ್ಲ.

ಅಪ್ಪನ ಬಗ್ಗೆ ಒಂದು ತಕರಾರೂ ಇದೆ. ಅವರ ಪ್ರಬಂಧದ ಲೋಕದಲ್ಲಿ ಎಲ್ಲರೂ ಎಲ್ಲರ ಮೇಲೂ ಸಿಟ್ಟಾಗಬಹುದು. ನಾನು ನಿಮ್ಮಿಂದ ಒಂದಿಷ್ಟು ಮರ್ಯಾದೆ ಬಯಸುತ್ತೇನೆ, ನೀವು ನನ್ನಿಂದ ಬಯಸುತ್ತೀರಿ, ಸಿಗದಿದ್ದರೆ ಮುನಿಯುತ್ತೇವೆ. ಆಕ್ಸ್‌ಫರ್ಡ್ ಕಾಲೇಜಿನ ಮೇಷ್ಟ್ರುಗಳ ಊಟದ ಮೇಜಿನ ಸುತ್ತ ಇದು ನಿಜವಿರಬಹುದು. ನಮ್ಮ ಕಡೆ ಧಣಿಗೆ ಸಿಟ್ಟು ಬಂದರೆ ಅದು ಧಣಿಯ ಹಕ್ಕು, ಆಳಿಗೆ ಸಿಟ್ಟು ಬಂದರೆ ಅದು ಸೊಕ್ಕು. ಅತ್ತೆಯ ಮುನಿಸನ್ನು ಮನೆಮಂದಿಯೆಲ್ಲ ತಿಳಿಗೊಳಿಸಬೇಕು, ಹೊಸ ಸೊಸೆಯ ಮುನಿಸಿಗೆ ಹೆಸರೇ ಬೇರೆ. ಕೂಲಿ ಕೊಡದೆ ಸತಾಯಿಸಿದವನ ಮುಂದೆ ದನಿ ಎತ್ತಿದವನಿಗೆ ನಿನ್ನ ಹಣೆಬರಹ, ನಿನ್ನ ಕರ್ಮ ಎಂಬ ಸಮಾಧಾನ ಸಿಗುತ್ತದೆ. ನೋಡಿ, ಇಲ್ಲಿ ನಿಯತಿವಾದ ತಪ್ಪು ಮಾಡಿದವನ ನೆರವಿಗೆ ಬರುವುದು ಅವನನ್ನು ಮನ್ನಿಸುವ ಮೂಲಕ ಅಲ್ಲ, ತಪ್ಪಿಗೆ ಗುರಿಯಾದವನ ಸಿಟ್ಟನ್ನು ಆರಿಸುವ ಮೂಲಕ. ಕರ್ಮಸಿದ್ಧಾಂತವನ್ನು ಕಟ್ಟಿದವರು ಅದನ್ನು ಇದಕ್ಕೆಂದೇ ಕಟ್ಟಿದರು ಎಂದಲ್ಲ. ಮಾಡಿದ್ದಕ್ಕೆ ನೀನೇ ಹೊಣೆ ಎಂಬ ಮಾತು ಅದರ ನಡುವಿನಲ್ಲೇ ಇದೆ. ಬಳಕೆಯಲ್ಲಿ ಅದು ಯಾರ ಬಾಯಿಂದ ಯಾರ ಕಿವಿಗೆ ಹೋಗುತ್ತದೆ ಎಂಬುದು ಬೇರೆ ಕಥೆ. ಸಿಟ್ಟಾಗುವ ಹಕ್ಕು ಮನುಷ್ಯನ ಸಾಲಿನಲ್ಲಿ ಕೂರುವ ಹಕ್ಕು ಎಂದಾದರೆ, ಆ ಹಕ್ಕು ಯಾರಿಗೆ ಎಷ್ಟು ಸಿಕ್ಕಿದೆ ಎಂದು ಸ್ಟ್ರಾಸನ್ ಕೇಳಬೇಕಿತ್ತು. ಅವರು ಕೇಳಲಿಲ್ಲ.

ಕೇಳುಗರೇ, ನಿಮ್ಮಲ್ಲಿ ಮನೆಯ ಹಿರಿಯರಿದ್ದೀರಿ, ಸಂಘದ ಅಧ್ಯಕ್ಷರಿದ್ದೀರಿ, ಶಾಲೆಯ ಮುಖ್ಯೋಪಾಧ್ಯಾಯರಿದ್ದೀರಿ, ಊರಿನಲ್ಲಿ ನಾಲ್ಕು ಜನರ ಪಂಚಾಯ್ತಿ ಮಾಡುವವರಿದ್ದೀರಿ. ದೂರು ನಿಮ್ಮ ಮುಂದೆ ಬರುತ್ತದೆ. ಏಟು ಕೊಟ್ಟವನ ಪರವಾಗಿ ಕಾರಣ ಹೇಳಲು ಯಾರಾದರೂ ಇದ್ದೇ ಇರುತ್ತಾರೆ, ಕಾರಣ ನಿಜವೂ ಇರಬಹುದು. ಅದನ್ನು ಕೇಳಿಸಿಕೊಳ್ಳಿ. ಆದರೆ ಏಟು ತಿಂದವರಿಗೆ "ಹೋಗಲಿ ಬಿಡು" ಎನ್ನುವ ಮೊದಲು, ಅವರ ಸಿಟ್ಟನ್ನು ಪೂರ್ತಿಯಾಗಿ, ನಡುವೆ ಬಾಯಿ ಹಾಕದೆ ಕೇಳಿ. ಕ್ಷಮಿಸುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಅವರ ಪರವಾಗಿ ನೀವು ಕ್ಷಮಿಸಬೇಡಿ.